ಡಿವಿಆರ್ ಕೆಟ್ಟಿದೆ ಅಂದ್ರೆ, ಏನು ಕೆಟ್ಟಿದೆ?



ನಿಮ್ಮ ಶಾಲೆಯಲ್ಲಿ ಸಿಸಿ ಕ್ಯಾಮೆರಾ ಇದೆಯಾ? ಇದ್ದರೆ ಹೆಡ್‌ಮಾಸ್ಟರ್ ಕೋಣೆಯ ಟಿವಿ ಹತ್ತಿರ ಚಪ್ಪಟೆಯಾದ ಒಂದು ಕಪ್ಪು ಪೆಟ್ಟಿಗೆ ಇರುತ್ತದೆ, ಗಮನಿಸಿ. ಅದೇ ಡಿವಿಆರ್, ಅಂದರೆ ಡಿಜಿಟಲ್ ವಿಡಿಯೊ ರೆಕಾರ್ಡರ್. ಕ್ಯಾಮೆರಾ ನೋಡುತ್ತದೆ ಅಷ್ಟೆ. ನೋಡಿದ್ದನ್ನು ನೆನಪಿಟ್ಟುಕೊಳ್ಳುವುದು ಈ ಪೆಟ್ಟಿಗೆ.

ಒಂದು ಆಷಾಢದಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಡಿವಿಆರ್ ಕೆಟ್ಟುಹೋಯಿತು. ಅದನ್ನು ಸರಿಮಾಡಿದ ಕಥೆಯನ್ನು ನಿಮಗೆ ಹೇಳಬೇಕು. ಯಂತ್ರದ ಕಥೆ ಅಂತ ಶುರುವಾದದ್ದು ಕೊನೆಗೆ ನನ್ನದೇ ಒಂದು ತಪ್ಪಿನ ಹತ್ತಿರ ಬಂದು ನಿಂತಿತು.

ಒಡೆದ ಸೂಕ್ಷ್ಮದರ್ಶಕ

ನಮ್ಮ ಕಣೇಕಲ್ಲು ಸೀಮೆಯ ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ. ಹಗರಿ ದಂಡೆಯ ಮರಳು ಎದ್ದು ಹೊಲಕ್ಕೂ ಬರುತ್ತದೆ, ಮನೆಯೊಳಗಿನ ಅನ್ನದ ತಟ್ಟೆಗೂ ಬರುತ್ತದೆ. ಅಂಥ ಗಾಳಿಯ ಒಂದು ಶುಕ್ರವಾರ. ಕೊನೆಯ ಪೀರಿಯಡ್‌ನಲ್ಲಿ ಒಂಬತ್ತನೇ ತರಗತಿಯವರಿಗೆ ಈರುಳ್ಳಿ ಸಿಪ್ಪೆಯ ಕೋಶಗಳನ್ನು ತೋರಿಸಿದ್ದೆ. ಮಾರನೇ ದಿನ ಎಂಟನೇ ತರಗತಿಗೂ ಬೇಕು ಅಂತ ಸೂಕ್ಷ್ಮದರ್ಶಕವನ್ನು ಕಿಟಕಿ ಪಕ್ಕದ ಮೇಜಿನ ಮೇಲೇ ಬಿಡಿಸಿದೆ. ಲ್ಯಾಬ್ ಗುಡಿಸಿ, ಬೀಗ ಹಾಕಿ, ಬೀಗದ ಕೈ ಆಫೀಸಿಗೆ ಕೊಡು ಅಂತ ಒಬ್ಬ ಹುಡುಗನಿಗೆ ಹೇಳಿ ಹೊರಟೆ.

ಶನಿವಾರ ಬೆಳಗ್ಗೆ ಬಾಗಿಲು ತೆಗೆದರೆ ಸೂಕ್ಷ್ಮದರ್ಶಕ ನೆಲದ ಮೇಲೆ ಬಿದ್ದಿತ್ತು. ಕೊಳವೆ ಬಾಗಿತ್ತು, ಮಸೂರ ಒಡೆದಿತ್ತು. ಕೊನೆಗೆ ಹೊರಗೆ ಬಂದವನು ಆ ಹುಡುಗ, ಬೀಗ ಹಾಕಿದವನೂ ಅವನೇ. ಯಾರೂ ಜೋರಾಗಿ ಏನೂ ಅನ್ನಲಿಲ್ಲ. ಆದರೆ ಎಲ್ಲರ ಕಣ್ಣೂ ಅವನ ಕಡೆ ತಿರುಗಿತು. ನನ್ನದೂ ಕೂಡ.

ಸೋಮವಾರ ಅವನು ಶಾಲೆಗೆ ಬರಲಿಲ್ಲ. ಅವನ ಅಜ್ಜಿ ಬಂದರು.

"ಸಾರ್, ಹುಡುಗ ಎರಡು ದಿನದಿಂದ ಉಣ್ಣಾಕ ಒಲ್ಲೆ ಅಂತಾನ. ನಾ ಮುಟ್ಟಿಲ್ಲ ಅಂತ ಅಳ್ತಾನ. ಅದೇನೋ ಕ್ಯಾಮೆರಾ ಹಾಕ್ಯಾರಂತಲ್ಲ, ಅದರಾಗ ನೋಡಿ ಹೇಳ್ರಿ. ಅವ್ನೇ ಮಾಡಿದ್ರ ನಾನೇ ಕರ್ಕಂಡು ಬರ್ತೀನಿ."

ನೋಡೋಣ ಅಂತ ಟಿವಿ ಹಾಕಿದರೆ ಪರದೆ ಪೂರ್ತಿ ಕಪ್ಪು. ಡಿವಿಆರ್‌ನ ದೀಪ ಮಿಣುಕುತ್ತಿತ್ತು, ಒಳಗಿನಿಂದ ಟಿಕ್, ಟಿಕ್ ಅಂತ ಸದ್ದು. ಕ್ಯಾಮೆರಾ ಹಾಕಿದವರಿಗೆ ಫೋನ್ ಮಾಡಿದೆವು. "ಬೋರ್ಡ್ ಹೋಗಿರ್ತೈತಿ ಸಾರ್, ಹೊಸದು ತಗೊಳ್ರಿ" ಅಂದರು.

ಹೊಸದು ತಗೊಂಡರೆ ಮುಂದಿನ ಶುಕ್ರವಾರಗಳು ಕಾಣಿಸುತ್ತವೆ. ಹೋದ ಶುಕ್ರವಾರ ಕಾಣಿಸುವುದಿಲ್ಲ. ಅದು ಇದ್ದದ್ದು ಈ ಕೆಟ್ಟ ಪೆಟ್ಟಿಗೆಯೊಳಗೆ.

ಒಂದು ಸಲಕ್ಕೆ ಒಂದೇ ಪ್ರಶ್ನೆ

ಸಂಜೆ ಹತ್ತನೇ ತರಗತಿಯ ನಾಲ್ಕು ಮಕ್ಕಳು ನನ್ನ ಜೊತೆ ಕೂತರು. ಬೋರ್ಡಿನ ಮೇಲೆ ಒಂದು ಸರಪಳಿ ಬರೆದೆವು: ಕ್ಯಾಮೆರಾ, ಕೇಬಲ್, ಡಿವಿಆರ್, ಇನ್ನೊಂದು ಕೇಬಲ್, ಟಿವಿ. ಡಿವಿಆರ್‌ಗೆ ಕರೆಂಟ್ ಕೊಡುವ ಅಡಾಪ್ಟರ್ ಪಕ್ಕದಲ್ಲಿ. "ಡಿವಿಆರ್ ಕೆಟ್ಟಿದೆ" ಅನ್ನುವುದು ಉತ್ತರ ಅಲ್ಲ. "ಹೊಟ್ಟೆನೋವು" ಅಂದ ಹಾಗೆ, ಅದು ಬರೀ ದೂರು. ಎಲ್ಲಿ ನೋವು ಅಂತ ಡಾಕ್ಟರು ಒತ್ತಿ ಒತ್ತಿ ಕೇಳುವ ಹಾಗೆ ನಾವೂ ಕೇಳಬೇಕು.

ಮೊದಲ ಪ್ರಶ್ನೆ: ತಪ್ಪು ಟಿವಿಯದೋ, ಡಿವಿಆರ್‌ನದೋ? ಅದೇ ಕೇಬಲ್ಲಿನಿಂದ ಟಿವಿಗೆ ಶಾಲೆಯ ಲ್ಯಾಪ್‌ಟಾಪ್ ಜೋಡಿಸಿದೆವು. ಚಿತ್ರ ಬಂತು. ಅಂದರೆ ಟಿವಿಯೂ ಸರಿ, ಅದರ ಕೇಬಲ್ಲೂ ಸರಿ. ಒಂದೇ ಪರೀಕ್ಷೆಗೆ ಸರಪಳಿಯ ಎರಡು ಕೊಂಡಿ ಅನುಮಾನದಿಂದ ಹೊರಗಾದವು. ಎಲ್ಲಾ ಕ್ಯಾಮೆರಾಗಳೂ ಒಟ್ಟಿಗೇ ಕೆಡುವುದು ಅಪರೂಪ. ಕೆಟ್ಟರೂ ಡಿವಿಆರ್‌ನ ಮೆನು ಪರದೆಯಾದರೂ ಬರಬೇಕಿತ್ತು. ಹಾಗಾಗಿ ಉಳಿದದ್ದು ಡಿವಿಆರ್ ಮತ್ತು ಅಡಾಪ್ಟರ್.

ಎರಡನೇ ಪ್ರಶ್ನೆ: ಡಿವಿಆರ್‌ಗೆ ಸಾಕಷ್ಟು ಕರೆಂಟ್ ಬರುತ್ತಿದೆಯಾ? ಅಡಾಪ್ಟರ್ ಮೇಲೆ 12 ವೋಲ್ಟ್, 2 ಆಂಪಿಯರ್ ಅಂತ ಬರೆದಿತ್ತು. ಅದರ ಪಿನ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆವು. 12.1 ವೋಲ್ಟ್!

"ಅಡಾಪ್ಟರ್ ಸರಿ ಐತೆ ಸಾರ್, ಬೋರ್ಡೇ ಹೋಗಿರಬೇಕು" ಅಂದಳು ಒಬ್ಬ ಹುಡುಗಿ. ನೀವಾಗಿದ್ದರೂ ಹಾಗೇ ಅಂತಿದ್ದಿರಿ. ಇಲ್ಲೇ ತುಂಬಾ ಜನ ಎಡವುತ್ತಾರೆ. ಖಾಲಿ ನಿಂತ ಎತ್ತು ಗಟ್ಟಿಯಾಗೇ ಕಾಣುತ್ತದೆ, ಗಾಡಿ ಕಟ್ಟಿದಾಗಲ್ಲವಾ ಅದರ ಶಕ್ತಿ ಗೊತ್ತಾಗುವುದು? ಪಿನ್ನನ್ನು ಡಿವಿಆರ್‌ಗೆ ಜೋಡಿಸಿಯೇ ಅಳೆದೆವು. ಮುಳ್ಳಿನಂತೆ ನಿಂತಿದ್ದ 12 ಸರ್ರನೆ 8ಕ್ಕೆ ಇಳಿಯಿತು, ಟಿಕ್ ಅಂತ ಸದ್ದಾಯಿತು, ಮತ್ತೆ 12ಕ್ಕೆ ಏರಿತು. ಮತ್ತೆ 8, ಮತ್ತೆ ಟಿಕ್.

ಆ ಟಿಕ್ ಏನು ಗೊತ್ತಾ? ಡಿವಿಆರ್ ಒಳಗೆ ಹಾರ್ಡ್ ಡಿಸ್ಕ್ ಇದೆ. ಅದರ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ತಿರುಗುತ್ತಾ ಇರುವಾಗ ಅದಕ್ಕೆ ಸ್ವಲ್ಪ ಕರೆಂಟ್ ಸಾಕು. ನಿಂತದ್ದು ತಿರುಗಲು ಶುರುಮಾಡುವಾಗ ಮಾತ್ರ ಕೆಲವು ಕ್ಷಣ ಸುಮಾರು 2 ಆಂಪಿಯರ್‌ವರೆಗೂ ಕೇಳುತ್ತದೆ. ನಿಂತ ಬಂಡಿ ತಳ್ಳುವುದಕ್ಕೂ ಓಡುವ ಬಂಡಿ ತಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇದು. ನಮ್ಮ ಅಡಾಪ್ಟರ್ ಓಡುವ ಡಿಸ್ಕನ್ನು ಹೇಗೋ ಸಾಕುತ್ತಿತ್ತು. ಶುಕ್ರವಾರ ಗಾಳಿಗೆ ಕರೆಂಟ್ ಹೋಗಿ ಬಂದಾಗ, ನಿಂತ ಡಿಸ್ಕನ್ನು ಎಬ್ಬಿಸುವ ತಾಕತ್ತು ಅದಕ್ಕೆ ಇರಲಿಲ್ಲ.

ಹೂಳು ತುಂಬಿದ ಕೆರೆ

ಊರಿನಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುವ ಅಣ್ಣ ಒಬ್ಬರಿದ್ದರು. ಅಡಾಪ್ಟರನ್ನು ಅವರಿಗೆ ಕೊಟ್ಟೆವು. ಗೋಡೆಯಿಂದ ಕಿತ್ತು, ಒಳಗೆ ನಿಂತಿರುವ ವಿದ್ಯುತ್ತನ್ನು ಜೋಪಾನವಾಗಿ ಇಳಿಸಿ, ಆಮೇಲೆ ಬಿಚ್ಚಿದರು. ಒಳಗೆ ಪುಟ್ಟ ಡ್ರಮ್ಮಿನ ಹಾಗಿರುವ ಎರಡು ಕೆಪಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿತ್ತು.

"ಇಗೋ ನೋಡ್ರಿ ಸಾರ್, ಕಳ್ಳ ಇಲ್ಲೇ ಅದಾನ."

ಕೆಪಾಸಿಟರ್ ಕೆಲಸ ಏನು? ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ನಮ್ಮ ಕಣೇಕಲ್ಲು ಕೆರೆಗೆ ಬರುತ್ತದಲ್ಲವಾ? ಕಾಲುವೆಗೆ ವರ್ಷವಿಡೀ ನೀರು ಇರುವುದಿಲ್ಲ. ಬಂದಾಗ ಕೆರೆ ತುಂಬಿಸಿಕೊಳ್ಳುತ್ತದೆ, ನಿಂತಾಗ ಕೊಡುತ್ತದೆ. ಅಡಾಪ್ಟರ್‌ನ ಒಳಗೂ ಹೀಗೇ. ಗೋಡೆಯ 230 ವೋಲ್ಟ್ ಎಸಿ ಕರೆಂಟನ್ನು ಅದು ಡಿಸಿ ಮಾಡಿ, ಸೆಕೆಂಡಿಗೆ ಸಾವಿರಾರು ಸಲ ತುಂಡರಿಸಿ, 12 ವೋಲ್ಟ್‌ಗೆ ಇಳಿಸುತ್ತದೆ. ಹಾಗೆ ತುಂಡು ತುಂಡಾಗಿ ಬಂದದ್ದನ್ನು ತುಂಬಿಟ್ಟುಕೊಂಡು ಒಂದೇ ಸಮನೆ ಹರಿಸುವ ಕೆರೆಯೇ ಕೆಪಾಸಿಟರ್.

ಕೆರೆಗೆ ಹೂಳು ತುಂಬಿದರೆ? ನೋಡಲು ತುಂಬಿದ ಕೆರೆಯೇ, ತೂಬು ಎತ್ತಿದರೆ ಬೇಗ ಬರಿದು. ಈ ಕೆಪಾಸಿಟರ್ ಒಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ಒಂದು ದ್ರವ ಇರುತ್ತದೆ. ಬಿಸಿ ಹೆಚ್ಚಾದಂತೆ ಆ ದ್ರವ ನಿಧಾನವಾಗಿ ಆರುತ್ತದೆ, ಒಳಗೆ ಅನಿಲ ಹುಟ್ಟಿ ತಲೆ ಉಬ್ಬುತ್ತದೆ. ಕೆಲಸದ ಉಷ್ಣತೆ 10 ಡಿಗ್ರಿ ಹೆಚ್ಚಾದರೆ ಕೆಪಾಸಿಟರ್‌ನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಂಜಿನಿಯರುಗಳ ಅಂದಾಜು. ನಮ್ಮ ಊರಿನ ಬಿಸಿಲು, ಅದರ ಮೇಲೆ ಬೀರುವಿನ ಸಂದಿಯಲ್ಲಿ ಗಾಳಿಯಾಡದೆ, ಒಂದು ಬೆರಳು ಧೂಳು ಹೊದ್ದು ಕೂತ ಅಡಾಪ್ಟರ್. ಅದು ಇಷ್ಟು ದಿನ ಬಾಳಿದ್ದೇ ಹೆಚ್ಚು.

ಅಣ್ಣ ಹೊಸ ಕೆಪಾಸಿಟರ್ ಆರಿಸುವಾಗ ನಾಲ್ಕು ವಿಷಯ ನೋಡಿದರು. ಮೈಕ್ರೊಫ್ಯಾರಡ್ ಹಳೆಯದರಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. 105 ಡಿಗ್ರಿ ತಡೆಯುವಂಥದ್ದು ಒಳ್ಳೆಯದು. ಧನ, ಋಣ ತುದಿ ಅದಲು ಬದಲಾಗಬಾರದು, ಆದರೆ ಸಿಡಿಯುತ್ತದೆ. "ಇದು ರಾತ್ರಿ ಆಗ್ತೈತಿ, ಅಲ್ಲಿಮಟ ಇದರಾಗ ನಡೆಸ್ರಿ" ಅಂತ ಅವರದೇ 12 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಒಂದನ್ನು ಕೈಗಿತ್ತರು. ವೋಲ್ಟ್ ಸರಿಸಮ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ. ಡಿವಿಆರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಜೋಡಿಸಿದೆವು. ಟಿಕ್ ಸದ್ದು ಇಲ್ಲ. ಸುಂಯ್ ಅಂತ ಡಿಸ್ಕ್ ತಿರುಗಿತು, ಪರದೆಯ ಮೇಲೆ ನಾಲ್ಕು ಚೌಕ ಮೂಡಿದವು.

ಶುಕ್ರವಾರ ಎಲ್ಲಿ ಹೋಯಿತು?

ಜೊತೆಗೇ ಒಂದು ಪ್ರಶ್ನೆಯೂ ಬಂತು: ಡಿಸ್ಕ್ ಸರಿಯಾಗಿ ಮುಚ್ಚಿಲ್ಲ, ಫಾರ್ಮ್ಯಾಟ್ ಮಾಡಲೇ? ಮೌಸ್ ಹಿಡಿದಿದ್ದ ಹುಡುಗನ ಬೆರಳು "ಹೌದು" ಮೇಲೇ ಇತ್ತು. "ತಡಿಯಪ್ಪಾ!" ಅಂತ ಕೂಗಿದೆ. ಫಾರ್ಮ್ಯಾಟ್ ಅಂದರೆ ಡಿಸ್ಕಿನ ಪುಟಗಳ ಪಟ್ಟಿಯನ್ನೇ ಒರೆಸಿ ಹಾಕುವುದು. ರಿಪೇರಿ ಮಾಡುವವರ ಮೊದಲ ನಿಯಮ ನೆನಪಿಡಿ: ಅರ್ಥವಾಗದ ಪ್ರಶ್ನೆಗೆ ಹೌದು ಅನ್ನಬೇಡಿ. "ಬೇಡ" ಒತ್ತಿ, ಮೊದಲು ರೆಕಾರ್ಡಿಂಗ್ ನಿಲ್ಲಿಸಿದೆವು.

ಯಾಕೆ ನಿಲ್ಲಿಸಬೇಕು? ಒಂದು ಲೆಕ್ಕ ಮಾಡಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತದೆ ಅನ್ನಿ. 8 ಬಿಟ್‌ಗೆ 1 ಬೈಟ್, ಅಂದರೆ 0.25 ಮೆಗಾಬೈಟ್. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 21,600 ಮೆಗಾಬೈಟ್, ಅಂದರೆ 21.6 ಗಿಗಾಬೈಟ್. ನಾಲ್ಕು ಕ್ಯಾಮೆರಾಗೆ 86.4. ಡಿಸ್ಕ್ 1000 ಗಿಗಾಬೈಟಿನದಾದರೆ ಹನ್ನೊಂದೂವರೆ ದಿನಕ್ಕೆ ಭರ್ತಿ. ಆಮೇಲೆ ಹಳೆಯದರ ಮೇಲೇ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಬೇಕಾದದ್ದು ಅಳಿಯುವ ಮೊದಲು ತೆಗೆದಿಟ್ಟುಕೊಳ್ಳಬೇಕು.

ಈಗ ಶುಕ್ರವಾರದ ತಾರೀಖು ಹಾಕಿ ಹುಡುಕಿದೆವು. "ರೆಕಾರ್ಡ್ ಇಲ್ಲ" ಅಂತ ಬಂತು. ಗುರುವಾರ ಇತ್ತು, ಬುಧವಾರ ಇತ್ತು. ಶುಕ್ರವಾರ ಖಾಲಿ. ಇಷ್ಟು ಮಾಡಿ ಇದೇನಾ ಅಂತ ಎಲ್ಲರ ಮುಖವೂ ಸಣ್ಣಗಾಯಿತು.

ಆಗ ಒಬ್ಬಳು ಪರದೆಯ ಮೂಲೆ ತೋರಿಸಿದಳು. "ಸಾರ್, ಇವತ್ತಿನ ತಾರೀಖು ನೋಡ್ರಿ." ಅಲ್ಲಿ 01-01-2000 ಅಂತಿತ್ತು.

ಬೋರ್ಡಿನ ಮೇಲೆ ರೂಪಾಯಿ ನಾಣ್ಯದ ಹಾಗಿರುವ ಒಂದು ಬಟನ್ ಸೆಲ್ ಇರುತ್ತದೆ, ಹೆಸರು ಸಿಆರ್ 2032. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. 3 ವೋಲ್ಟ್ ಇರಬೇಕಾದದ್ದು ಅಳೆದರೆ 1.4 ಇತ್ತು. ಶುಕ್ರವಾರ ಬೆಳಗ್ಗೆ ಊರಿನಲ್ಲಿ ಕರೆಂಟ್ ಬಹಳ ಹೊತ್ತು ಹೋಗಿತ್ತು. ಆಗ ಗಡಿಯಾರ ನಿಂತು, ಮತ್ತೆ ಕರೆಂಟ್ ಬಂದಾಗ 2000ನೇ ಇಸವಿಯ ಜನವರಿ 1, ಸೊನ್ನೆ ಗಂಟೆಯಿಂದ ಎಣಿಸಲು ಶುರುಮಾಡಿದೆ. ಶುಕ್ರವಾರ ಅಳಿಸಿಹೋಗಿರಲಿಲ್ಲ, ತಪ್ಪು ತಾರೀಖಿನ ಕೆಳಗೆ ಬಚ್ಚಿಟ್ಟುಕೊಂಡಿತ್ತು. 01-01-2000 ಅಂತ ಹುಡುಕಿದೆವು. ಸಿಕ್ಕಿತು! ಮೊದಲು ಪೆನ್ ಡ್ರೈವ್‌ಗೆ ನಕಲು ಮಾಡಿಕೊಂಡೆವು, ಆಮೇಲೆ ನೋಡಿದೆವು.

ಗಡಿಯಾರದ ಶೂನ್ಯ ದೋಷ

ಸ್ಕ್ರೂ ಗೇಜ್ ಬಗ್ಗೆ ನಿಮ್ಮ ಮೇಷ್ಟ್ರು ಹೇಳಿದರೆ ಒಂದು ಮಾತು ಬಂದೇ ಬರುತ್ತದೆ: ಅಳೆಯುವ ಮೊದಲು ಶೂನ್ಯ ದೋಷ ನೋಡಿಕೊಳ್ಳಿ. ಸೊನ್ನೆ ಇರಬೇಕಾದ ಕಡೆ ಸೊನ್ನೆ ಇಲ್ಲದಿದ್ದರೆ ಉಪಕರಣ ಬಿಸಾಡಬೇಕಿಲ್ಲ. ಎಷ್ಟು ತಪ್ಪಿದೆ ಅಂತ ತಿಳಿದು, ಅಷ್ಟನ್ನು ಕೂಡಿ ಅಥವಾ ಕಳೆದರೆ ಸಾಕು. ನಮ್ಮ ಡಿವಿಆರ್‌ಗೂ ಅದನ್ನೇ ಮಾಡಿದೆವು.

ನಾಲ್ಕೂ ಕ್ಯಾಮೆರಾಗಳಿಗೆ ಗಡಿಯಾರ ಒಂದೇ, ಅದು ಡಿವಿಆರ್‌ನದು. ವರಾಂಡದ ಕ್ಯಾಮೆರಾದಲ್ಲಿ ಗಂಟೆ ಹೊಡೆಯುವುದು ಕಾಣುತ್ತದೆ. ಸಂಜೆಯ ಲಾಂಗ್ ಬೆಲ್ ನಮ್ಮಲ್ಲಿ 4:20ಕ್ಕೆ, ಅಂದರೆ 16:20. ಡಿವಿಆರ್ ಅದನ್ನು 05:47 ಅಂದಿತ್ತು. ವ್ಯತ್ಯಾಸ 10 ಗಂಟೆ 33 ನಿಮಿಷ.

ಒಂದೇ ಸಲ ಅಳೆದು ನಂಬಬಾರದು. ಮಧ್ಯಾಹ್ನದ ಊಟದ ಬೆಲ್ 12:20ಕ್ಕೆ. ಡಿವಿಆರ್‌ನಲ್ಲಿ 01:47. ಕೂಡಿ ನೋಡಿ: 01:47ಕ್ಕೆ 10:33 ಸೇರಿಸಿದರೆ 12:20. ಎರಡೂ ತಾಳೆಯಾದವು. ಅಂದರೆ ಡಿವಿಆರ್‌ನ ಸೊನ್ನೆ ಗಂಟೆ ಅಂದರೆ ನಮ್ಮ ಬೆಳಗಿನ 10:33, ಕರೆಂಟ್ ವಾಪಸ್ ಬಂದ ಹೊತ್ತು. ಬೆಲ್ ಒಂದರ್ಧ ನಿಮಿಷ ಹಿಂದುಮುಂದಾಗಿದ್ದರೂ ನಮ್ಮ ಕೆಲಸಕ್ಕೆ ಇಷ್ಟು ನಿಖರತೆ ಸಾಕಿತ್ತು.

ಈಗ ಲ್ಯಾಬಿನ ಕ್ಯಾಮೆರಾ. ಡಿವಿಆರ್‌ನ 05:55, ಅಂದರೆ ಸಂಜೆ 4:28. ಹುಡುಗ ಕಸ ಗುಡಿಸಿ, ಪೊರಕೆ ಮೂಲೆಗಿಟ್ಟು, ಬಾಗಿಲೆಳೆದುಕೊಂಡು ಹೋಗುತ್ತಾನೆ. ಸೂಕ್ಷ್ಮದರ್ಶಕ ಮೇಜಿನ ಮೇಲೆ ನೆಟ್ಟಗೆ ನಿಂತಿದೆ. ಕೋಣೆ ಖಾಲಿ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಏನೂ ಇಲ್ಲ. 06:41, ಅಂದರೆ 5:14. ಕಿಟಕಿ ಬಾಗಿಲು ಫಟ್ಟನೆ ತೆರೆದುಕೊಳ್ಳುತ್ತದೆ. ಧೂಳು ನುಗ್ಗುತ್ತದೆ. ಪರದೆ ಬಟ್ಟೆ ಹಾರಿ ಬಂದು ಸೂಕ್ಷ್ಮದರ್ಶಕಕ್ಕೆ ಸುತ್ತಿಕೊಳ್ಳುತ್ತದೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಊರಿನ ಕರೆಂಟ್ ಹೋಯಿತು. ಆಮೇಲೆ ಡಿವಿಆರ್ ಏಳಲೇ ಇಲ್ಲ.

ಅದು ಬಿದ್ದದ್ದನ್ನು ನಾವು ನೋಡಲಿಲ್ಲ, ಮಕ್ಕಳೇ. ಇದನ್ನು ಒತ್ತಿ ಹೇಳುತ್ತೇನೆ. ಗಾಳಿಯೇ ಬೀಳಿಸಿತು ಅನ್ನುವುದು ನಮ್ಮ ಊಹೆ, ತುಂಬಾ ಬಲವಾದ ಊಹೆ. ಆದರೆ ಹುಡುಗ ಹೊರಟಾಗ ಅದು ನೆಟ್ಟಗಿತ್ತು, ಅವನು ಹೋಗಿ 46 ನಿಮಿಷ ಆದಮೇಲೂ ನೆಟ್ಟಗಿತ್ತು. ಇದು ಊಹೆ ಅಲ್ಲ, ಕಂಡದ್ದು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಅಂತ ಬೇರೆ ಬೇರೆ ಬರೆಯುವುದೇ ವಿಜ್ಞಾನದ ನೋಟ್ ಬುಕ್.

ಇನ್ನೊಂದನ್ನೂ ಕಂಡೆವು. ಡಿವಿಆರ್‌ನ 05:49ಕ್ಕೆ, ಅಂದರೆ 4:22ಕ್ಕೆ, ಸೆಕೆ ಅಂತ ತೆರೆದಿಟ್ಟಿದ್ದ ಕಿಟಕಿಯನ್ನು ಒಬ್ಬರು ಬರೀ ದೂಡಿ, ಚಿಲಕ ಹಾಕದೆ ಹೊರಗೆ ಹೋಗುತ್ತಾರೆ. ಅದು ನಾನು.

ಮಾರನೇ ದಿನ ಹುಡುಗ ಬಂದ. ತರಗತಿಯ ಎದುರೇ ಅವನ ಹತ್ತಿರ ತಪ್ಪಾಯಿತು ಅಂದೆ. ಅವನು ತಲೆ ತಗ್ಗಿಸಿ, "ಇರಲಿ ಬಿಡ್ರಿ ಸಾರ್" ಅಂದ. ಅಜ್ಜಿಗೆ ಸಂಜೆ ನಾನೇ ಹೋಗಿ ಹೇಳಿ ಬಂದೆ.

ಎರಡು ಕೆಪಾಸಿಟರ್, ಒಂದು ಬಟನ್ ಸೆಲ್. ನೂರು ರೂಪಾಯಿಯೂ ಆಗಲಿಲ್ಲ. ಬೋರ್ಡಿಗೆ ಏನೂ ಆಗಿರಲಿಲ್ಲ.

ಎರಡು ಯಂತ್ರಗಳ ಮೊಮ್ಮಗ

ಈ ಪೆಟ್ಟಿಗೆಯ ಮನೆತನ ಕೇಳಿ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಚಿತ್ರವನ್ನು ಎರಡು ಇಂಚು ಅಗಲದ ಟೇಪಿನ ಮೇಲೆ ಹಿಡಿಯುವ ಯಂತ್ರ ತೋರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕ್ ಹೊರತಂದಿತು. 50 ದೊಡ್ಡ ತಟ್ಟೆಗಳು, ಸುಮಾರು ಒಂದು ಟನ್ ತೂಕ, ಹಿಡಿಯುತ್ತಿದ್ದದ್ದು ಬರೀ 50 ಲಕ್ಷ ಅಕ್ಷರ. ವರ್ಷ ನೆನಪಿಡಲು ಕಷ್ಟವಿಲ್ಲ, ಭಾಷಾವಾರು ರಾಜ್ಯಗಳು ಮೂಡಿದ್ದೂ 1956ರ ನವೆಂಬರ್ 1ಕ್ಕೇ. ನಮ್ಮ ರಾಯದುರ್ಗ ಮಾತ್ರ ಅದಕ್ಕೂ ಮೊದಲೇ, 1953ರಲ್ಲಿ, ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಬಂದಿತ್ತು. ಟೇಪ್ ಮಾಡುತ್ತಿದ್ದ ಕೆಲಸವನ್ನು ಡಿಸ್ಕ್ ಮಾಡುವ ರೆಕಾರ್ಡರ್‌ಗಳು ಮನೆಗಳಿಗೆ ಬಂದದ್ದು 1999ರಲ್ಲಿ.

ಇಂಥ ಪೆಟ್ಟಿಗೆ ಬಿಸಾಡಿದರೆ ಅದರ ಸೀಸ, ತಾಮ್ರ, ಪ್ಲಾಸ್ಟಿಕ್ ಎಲ್ಲಾ ನಮ್ಮ ಮಣ್ಣಿಗೇ ಸೇರುತ್ತವೆ. ನಿಜವಾಗಿ ಸತ್ತ ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ಸೇರಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ಇ-ತ್ಯಾಜ್ಯ ನಿಯಮಗಳು ಹೇಳುವುದೂ ಇದನ್ನೇ. ಆದರೆ ಮೊದಲು ಅದು ನಿಜವಾಗಿ ಸತ್ತಿದೆಯಾ ಅಂತ ನೋಡಬೇಕಲ್ಲ!

ಎಚ್ಚರಿಕೆ

ಅಡಾಪ್ಟರನ್ನು ನೀವು ಬಿಚ್ಚಲೇಬೇಡಿ. ಗೋಡೆಯಿಂದ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ನಿಂತಿರಬಹುದು. 12 ವೋಲ್ಟ್ ಪಿನ್ ಅಳೆಯುವುದಾದರೂ ಮೇಷ್ಟ್ರು ಪಕ್ಕದಲ್ಲಿರಲಿ. ಹಾರ್ಡ್ ಡಿಸ್ಕನ್ನೂ ಬಿಚ್ಚಬೇಡಿ. ಅದರ ಓದುವ ತಲೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70,000 ನ್ಯಾನೊಮೀಟರ್. ಹಗರಿಯ ಒಂದು ಕಣ ಧೂಳು ಸಾಕು, ಎಲ್ಲಾ ಹಾಳು.

ನೀವೇ ಮಾಡಿ

1. ನಿಮ್ಮ ಶಾಲೆಯ ಗೋಡೆ ಗಡಿಯಾರ, ಕಂಪ್ಯೂಟರ್, ಡಿವಿಆರ್, ಮೇಷ್ಟ್ರ ಮೊಬೈಲ್, ಎಲ್ಲದರ ಸಮಯವನ್ನು ಒಂದೇ ಕ್ಷಣದಲ್ಲಿ ಬರೆದುಕೊಳ್ಳಿ. ಮೊಬೈಲನ್ನು ಆಧಾರ ಮಾಡಿಕೊಂಡು ಉಳಿದವುಗಳ ಶೂನ್ಯ ದೋಷ ಕಂಡುಹಿಡಿಯಿರಿ. ವಾರ ಬಿಟ್ಟು ಮತ್ತೆ ನೋಡಿ. ದೋಷ ಬದಲಾಗಿದೆಯಾ?

2. ಟಾರ್ಚಿನ ಹಳೆಯ ಸೆಲ್ ಒಂದರ ವೋಲ್ಟನ್ನು ಬಲ್ಬ್ ಇಲ್ಲದೆ ಒಮ್ಮೆ, ಬಲ್ಬ್ ಉರಿಯುವಾಗ ಒಮ್ಮೆ ಅಳೆಯಿರಿ. ಹೊಸ ಸೆಲ್‌ಗೂ ಹಾಗೇ ಮಾಡಿ. ಯಾವುದರಲ್ಲಿ ಹೆಚ್ಚು ಇಳಿಯಿತು? ಯಾಕೆ?

3. ನಿಮ್ಮ ಶಾಲೆಯ ಡಿವಿಆರ್ ಡಿಸ್ಕ್ ಎಷ್ಟು ದೊಡ್ಡದು ಅಂತ ಕೇಳಿ ತಿಳಿದು, ಎಷ್ಟು ದಿನದ ನೆನಪು ಇಟ್ಟುಕೊಳ್ಳುತ್ತದೆ ಅಂತ ಲೆಕ್ಕ ಹಾಕಿ.

ಸಂಜೆ ಹೊರಡುವ ಮೊದಲು ಲ್ಯಾಬಿನ ಕಿಟಕಿ ಚಿಲಕ ಹಾಕಿದೆಯಾ ಅಂತಲೂ ಒಮ್ಮೆ ನೋಡಿ. ನಿಮ್ಮ ಮೇಷ್ಟ್ರು ಮರೆತಿರಬಹುದು.